ಚಕ್ರಕ್ಕೆ ಕೂತ ಬ್ರೇಕ್ ಧೂಳು: ತಿಕ್ಕಬೇಡಿ, ನೆನೆಸಿ

ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ಉಜಿರೆಯಲ್ಲಿ ಕಾಫಿಗೆ ನಿಲ್ಲಿಸಿದಾಗ ಒಮ್ಮೆ ಬಗ್ಗಿ ಮುಂದಿನ ಚಕ್ರ ನೋಡಿ. ಹಿಂದಿನ ದಿನ ತಾನೇ ತೊಳೆದಿದ್ದರೂ ಅಲಾಯ್ (ಅಲ್ಯೂಮಿನಿಯಂ ಮಿಶ್ರಲೋಹದ ಚಕ್ರ) ಮೇಲೆ ಕಾಡಿಗೆಯಂಥ ಪುಡಿ ಕೂತಿರುತ್ತದೆ. ಬೆರಳಿಟ್ಟರೆ ಬೆರಳೂ ಕಪ್ಪು. ಹಿಂದಿನ ಚಕ್ರ ನೋಡಿದರೆ ಅಷ್ಟೊಂದು ಕೊಳೆ ಇಲ್ಲ. ರಸ್ತೆಯ ಧೂಳಾಗಿದ್ದರೆ ನಾಲ್ಕೂ ಚಕ್ರಕ್ಕೆ ಒಂದೇ ಥರ ಅಂಟಬೇಕಿತ್ತು ಅಲ್ವಾ?

ಇದು ಬ್ರೇಕಿನ ಧೂಳು. ಬ್ರೇಕ್ ತುಳಿದಾಗ ಎರಡು ಪ್ಯಾಡ್‌ಗಳು ತಿರುಗುವ ಡಿಸ್ಕನ್ನು ಎರಡೂ ಕಡೆಯಿಂದ ಗಟ್ಟಿಯಾಗಿ ಹಿಡಿಯುತ್ತವೆ. ಪ್ಯಾಡೂ ಸವೆಯುತ್ತದೆ, ಡಿಸ್ಕೂ ಸವೆಯುತ್ತದೆ. ಡಿಸ್ಕ್ ಅಂದರೆ ಎರಕದ ಕಬ್ಬಿಣ, ಹಾಗಾಗಿ ಆ ಪುಡಿಯಲ್ಲಿ ಕಬ್ಬಿಣ ಜಾಸ್ತಿ. ಬ್ರೇಕ್ ಹಾಕಿದಾಗ ಗಾಡಿಯ ಭಾರವೆಲ್ಲ ಮುಂದಕ್ಕೆ ಬರುವುದರಿಂದ ಮುಂದಿನ ಬ್ರೇಕಿಗೇ ಹೆಚ್ಚು ಕೆಲಸ. ಜೊತೆಗೆ ನಮ್ಮಲ್ಲಿ ಓಡಾಡುವ ಬಹಳಷ್ಟು ಕಾರುಗಳ ಹಿಂದಿನ ಚಕ್ರಕ್ಕೆ ಡ್ರಮ್ ಬ್ರೇಕ್ ಇರುತ್ತದೆ, ಅದರ ಧೂಳು ಹೆಚ್ಚಾಗಿ ಡ್ರಮ್ಮಿನ ಒಳಗೇ ಉಳಿಯುತ್ತದೆ.

ಬಿಸಿ ಬಿಸಿಯಾಗಿ ಹಾರಿದ ಕಬ್ಬಿಣದ ಚೂರುಗಳು ಚಕ್ರದ ಮೇಲೆ ಬಳಿದ ಪಾರದರ್ಶಕ ಲೇಪ, ಅಂದರೆ ಲ್ಯಾಕರ್‌ಗೆ ಕಚ್ಚಿಕೊಳ್ಳುತ್ತವೆ. ಮೊದಲ ವಾರ ಒಂದು ಒದ್ದೆ ಬಟ್ಟೆಗೆ ಬಂದುಬಿಡುತ್ತವೆ. ಹಾಗೇ ಬಿಟ್ಟು ಅದರ ಮೇಲೆ ನಾಲ್ಕು ಮಳೆ ಬಿದ್ದರೆ ತುಕ್ಕು ಹಿಡಿದು ಕಿತ್ತಳೆ ಬಣ್ಣದ ಚುಕ್ಕೆಗಳಾಗುತ್ತವೆ, ಆಮೇಲೆ ನೀರಿಗಾಗಲಿ ಶಾಂಪೂಗಾಗಲಿ ಜಗ್ಗುವುದಿಲ್ಲ. ವರ್ಷಕ್ಕೊಮ್ಮೆ ಆಯುಧಪೂಜೆಗೆ ಮಾತ್ರ ಚಕ್ರ ತೊಳೆದರೆ ಆಗುವುದು ಇದೇ. ಎರಡು ವಾರಕ್ಕೊಮ್ಮೆ ತೊಳೆದರೆ ಅರ್ಧ ಕಷ್ಟ ಅಲ್ಲೇ ಕಳೆಯುತ್ತದೆ.

ಕರಾವಳಿ, ಮಲೆನಾಡಿನವರಿಗೆ ಇನ್ನೊಂದು ಗೊಂದಲ ಇದೆ. ಕೆಂಪು ಮಣ್ಣಿನ ಕಲೆ, ತುಕ್ಕಿನ ಚುಕ್ಕೆ ಎರಡೂ ದೂರದಿಂದ ಒಂದೇ ಥರ ಕಾಣುತ್ತವೆ. ನೀರು ಹಾಕಿ ಒರೆಸಿ, ಬೆರಳ ತುದಿಯನ್ನು ಮೆಲ್ಲಗೆ ಆಡಿಸಿ. ಮಣ್ಣಾಗಿದ್ದರೆ ನುಣುಪಾಗಿ ಹೋಗಿರುತ್ತದೆ. ಉಪ್ಪುಕಾಗದ ಮುಟ್ಟಿದ ಹಾಗೆ ಗರಗರ ಅಂದರೆ ಅದು ಕಬ್ಬಿಣ.

ಈಗ ತೊಳೆಯುವ ವಿಷಯ. ಮೊದಲು ಗಾಡಿ ತಣ್ಣಗಾಗಲಿ. ಓಡಿಸಿಕೊಂಡು ಬಂದ ಕೂಡಲೇ ನೀರು ಎರಚಬೇಡಿ. ಕಾದ ಡಿಸ್ಕಿಗೆ ತಣ್ಣೀರು ಬಿದ್ದರೆ ಸೊಟ್ಟಗಾಗುವ ಅಪಾಯ ಇದೆ, ಹಾಕಿದ ಸೋಪೂ ಅಲ್ಲೇ ಒಣಗಿ ಕಲೆಯಾಗುತ್ತದೆ. ಒಂದು ಗಂಟೆ ನೆರಳಲ್ಲಿ ನಿಲ್ಲಿಸಿ. ಕೈಗೆ ಗ್ಲೌಸ್, ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ. ಒಣ ಧೂಳನ್ನು ಗಾಳಿ ಹೊಡೆದು ಹಾರಿಸುವುದು ಬೇಡವೇ ಬೇಡ. ಆ ಪುಡಿ ಬಹಳ ಸಣ್ಣದು, ಸೀದಾ ಎದೆಗೇ ಹೋಗುತ್ತದೆ. ಹಿಂದೆ ಪ್ಯಾಡ್‌ಗಳಲ್ಲಿ ಎದೆಗೆ ಅಪಾಯಕಾರಿಯಾದ ಕಲ್ನಾರು (ಆಸ್ಬೆಸ್ಟಾಸ್) ಕೂಡ ಇರುತ್ತಿತ್ತು. ಹಳೆಯ ಗಾಡಿಗೆ ಯಾವ ಪ್ಯಾಡ್ ಹಾಕಿದ್ದಾರೋ ನಮಗೆ ತಿಳಿಯುವುದಿಲ್ಲ. ಒದ್ದೆ ಮಾಡಿಯೇ ತೆಗೆಯಿರಿ.

ನೀರು ಬಹಳ ಬೇಕಿಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಅಂತ ಹೇಳಿದ್ದು ನೆನಪಿರಬಹುದು. ಹಿಡಿದಿಟ್ಟ ಮಳೆನೀರಿದ್ದರೆ ಅದೇ ಎಲ್ಲಕ್ಕಿಂತ ಒಳ್ಳೆಯದು. ಬೋರ್‌ವೆಲ್‌ನ ಗಡಸು ನೀರಿನ ಹಾಗೆ ಒಣಗಿದ ಮೇಲೆ ಬಿಳಿ ಕಲೆ ಬಿಡುವುದಿಲ್ಲ. ಎರಡು ಬಕೆಟ್ ಇಟ್ಟುಕೊಳ್ಳಿ, ಒಂದರಲ್ಲಿ ಕಾರ್ ಶಾಂಪೂ ಹಾಕಿದ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಚಕ್ರಕ್ಕೆ ಬಳಸಿದ ಬಟ್ಟೆ ಚಕ್ರಕ್ಕೇ ಮೀಸಲು. ಅದರಲ್ಲಿ ಸಿಕ್ಕಿಕೊಂಡ ಕಬ್ಬಿಣದ ಚೂರು ಬಾನೆಟ್ ಮೇಲೆ ಗೀರು ಎಳೆಯುತ್ತದೆ.

ಒಂದು ಸಲಕ್ಕೆ ಒಂದೇ ಚಕ್ರ. ನಾಲ್ಕಕ್ಕೂ ಸೋಪು ಹಚ್ಚಿಟ್ಟರೆ ನಾಲ್ಕನೆಯದು ಮುಟ್ಟುವ ಹೊತ್ತಿಗೆ ಮೊದಲನೆಯದು ಒಣಗಿರುತ್ತದೆ. ಮಗ್‌ನಿಂದ ನೀರು ಸುರಿದು ಸಡಿಲ ಪುಡಿ ಇಳಿಸಿ, ಶಾಂಪೂ ನೀರು ಹಚ್ಚಿ ಎರಡು ನಿಮಿಷ ಸುಮ್ನೆ ಬಿಡಿ. ಆಮೇಲೆ ಮೆತ್ತನೆಯ ಬ್ರಷ್ ಹಿಡಿದು ಕಡ್ಡಿಗಳ ಸಂದಿ, ನಟ್ ಕೂರುವ ಗುಳಿ, ಕೈ ಹೋದಷ್ಟು ಒಳಗಿನ ಅಂಚು, ಎಲ್ಲ ಕಡೆ ಆಡಿಸಿ ತೊಳೆಯಿರಿ. ಗುಳಿಗಳಿಗೆ ಹಳೆಯ ಟೂತ್‌ಬ್ರಷ್ ಸಾಕು. ಸ್ಟೀಲ್ ಚಕ್ರಕ್ಕೆ ಪ್ಲಾಸ್ಟಿಕ್ ಕ್ಯಾಪ್ ಇದ್ದರೆ ಬಿಚ್ಚಿ ಅದರ ಹಿಂಬದಿಯನ್ನೂ ತೊಳೆಯಿರಿ.

ಇಷ್ಟಾದರೂ ಗರಗರ ಉಳಿದಿದ್ದರೆ ಬಲ ಹಾಕಿ ತಿಕ್ಕುವ ಆಸೆ ಬರುತ್ತದೆ. ದಯವಿಟ್ಟು ತಿಕ್ಕಬೇಡಿ. ಕಬ್ಬಿಣವನ್ನು ಕರಗಿಸುವ ದ್ರಾವಣವೇ ಸಿಗುತ್ತದೆ, ಕಾರು ಬಿಡಿಭಾಗದ ಅಂಗಡಿಯಲ್ಲಿ ಐರನ್ ರಿಮೂವರ್ ಅಂತ ಕೇಳಿ. ಬಾಟಲಿಯ ಮೇಲೆ ಆಸಿಡ್ ಇಲ್ಲ, ಪಿಎಚ್ ನ್ಯೂಟ್ರಲ್ ಅಂತ ಬರೆದಿರಬೇಕು. ಇದರಲ್ಲಿ ಸಾಮಾನ್ಯವಾಗಿ ಇರುವುದು ಥಯೋಗ್ಲೈಕೊಲೇಟ್ ಎಂಬ ಲವಣ. ಕೂದಲು ತೆಗೆಯುವ ಕ್ರೀಮುಗಳಲ್ಲೂ ಇದೇ ಜಾತಿಯ ಲವಣ ಇರುತ್ತದೆ, ವಾಸನೆಯೂ ಹಾಗೇ ಗಬ್ಬು, ಬಯಲಲ್ಲೇ ಬಳಸಿ. ಚಕ್ರಕ್ಕೆ ಸಿಂಪಡಿಸಿದಾಗ ನೀರಿನ ಬಣ್ಣವೇ ಇರುತ್ತದೆ. ಒಂದು ನಿಮಿಷದೊಳಗೆ ಅಲ್ಲಲ್ಲಿ ನಸುಗೆಂಪು ಚುಕ್ಕೆ ಏಳುತ್ತವೆ, ಚುಕ್ಕೆಗಳು ಕೂಡಿಕೊಂಡು ನೇರಳೆ ಹಣ್ಣಿನ ರಸದಂಥ ಗೆರೆಗಳಾಗಿ ಕಡ್ಡಿಗಳ ಮೇಲಿಂದ ಟೈರಿಗೆ ಇಳಿಯುತ್ತವೆ. ಮೊದಲ ಸಲ ನೋಡಿದವರಿಗೆ ಗಾಬರಿಯಾಗಬಹುದು. ಅದು ಕಬ್ಬಿಣ ಕರಗುತ್ತಿರುವ ಗುರುತು. ಮೂರರಿಂದ ಐದು ನಿಮಿಷ ಬಿಡಿ, ಒಣಗುವ ಮೊದಲು ಬ್ರಷ್ ಆಡಿಸಿ ಚೆನ್ನಾಗಿ ನೀರು ಹಾಕಿ. ಹಳೆಯ ಕೊಳೆಯಾದರೆ ಇನ್ನೊಂದು ಸಲ ಮಾಡಿ.

ಹುಣಸೆಹಣ್ಣು, ನಿಂಬೆಹಣ್ಣು ಹಾಕಿ ತೊಳೆಯಿರಿ ಅಂತ ಹೇಳುವವರಿದ್ದಾರೆ. ಹಿತ್ತಾಳೆ ಚೊಂಬಿಗೆ ಸರಿ, ಅಲಾಯ್‌ಗೆ ಸರಿಯಲ್ಲ. ಟಾಯ್ಲೆಟ್ ತೊಳೆಯುವ ಆಸಿಡ್ ಇನ್ನೂ ಕೆಟ್ಟದ್ದು. ಇದು ನನಗೆ ಅನುಭವದಿಂದಲೇ ಗೊತ್ತು. ಹಳೆಯ ಕಾರನ್ನು ಒಮ್ಮೆ ವಾಷಿಂಗಿಗೆ ಬಿಟ್ಟಿದ್ದೆ. ಅಲ್ಲಿಯ ಹುಡುಗ ಚೀಟಿಯೇ ಇಲ್ಲದ ಬಾಟಲಿಯಿಂದ ಏನೋ ಸಿಂಪಡಿಸಿದ, ಬುಸ್ಸೆಂದು ನೊರೆ ಬಂತು, ನಿಮಿಷದಲ್ಲಿ ಚಕ್ರ ಫಳಫಳ. ನನಗೂ ಖುಷಿಯಾಗಿತ್ತು. ಕೆಲವು ವಾರ ಕಳೆದ ಮೇಲೆ ನಟ್‌ಗಳ ಸುತ್ತ ಲ್ಯಾಕರ್ ಅಡಿಯಲ್ಲಿ ಬಿಳಿ ಹುಳ ಹರಿದಂಥ ಗೆರೆಗಳು ಕಾಣಿಸಿಕೊಂಡವು. ಸಣ್ಣ ಬಿರುಕಿನಲ್ಲಿ ಆಸಿಡ್ ಒಳಗಿಳಿದು ಅಲ್ಯೂಮಿನಿಯಂ ತಿನ್ನಲು ಶುರು ಮಾಡಿತ್ತು. ಕೊನೆಗೆ ನಾಲ್ಕೂ ಚಕ್ರದ ಬಣ್ಣ ಕೆರೆಸಿ ಹೊಸದಾಗಿ ಹಾಕಿಸಬೇಕಾಯಿತು. ಹಾಗಾಗಿ ಹೊರಗೆ ತೊಳೆಸುವಾಗ ಬಾಟಲಿಯಲ್ಲಿ ಏನಿದೆ ಅಂತ ಕೇಳಿ, ಉತ್ತರ ಸಿಗದಿದ್ದರೆ ಚಕ್ರಕ್ಕೆ ಬರೀ ಶಾಂಪೂ ಸಾಕು ಅನ್ನಿ. ಪಾತ್ರೆ ತಿಕ್ಕುವ ಸ್ಟೀಲ್ ನಾರೂ ಬೇಡ, ಲ್ಯಾಕರ್ ಗೀರಿ ಮುಂದಿನ ಧೂಳಿಗೆ ಅದೇ ಹಿಡಿತವಾಗುತ್ತದೆ.

ತೊಳೆದ ಚಕ್ರವನ್ನು ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ತೆಳುವಾಗಿ ವ್ಯಾಕ್ಸ್ ಅಥವಾ ವೀಲ್ ಸೀಲಂಟ್ ಹಚ್ಚಿ. ಮುಂದಿನ ಸಲ ಧೂಳು ನೀರಿಗೇ ಜಾರುತ್ತದೆ. ಒಂದು ಎಚ್ಚರ: ವ್ಯಾಕ್ಸ್, ಟೈರ್ ಪಾಲಿಶ್, ಎಣ್ಣೆ, ಯಾವುದೂ ಡಿಸ್ಕಿಗೆ ತಾಗಬಾರದು. ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ. ಸ್ಪ್ರೇ ಮಾಡುವ ಬದಲು ಬಟ್ಟೆಗೆ ಹಾಕಿಕೊಂಡು ಹಚ್ಚಿ. ತೊಳೆದ ಮೇಲೆ ಗಾಡಿಯನ್ನು ಹಾಗೇ ನಿಲ್ಲಿಸಬೇಡಿ. ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ ನಾಲ್ಕೈದು ಸಲ ಮೆಲ್ಲಗೆ ಬ್ರೇಕ್ ಒತ್ತಿ, ಡಿಸ್ಕ್ ಒಣಗುತ್ತದೆ.

ಧೂಳು ಪೂರ್ತಿ ನಿಲ್ಲಿಸಲು ಆಗುವುದಿಲ್ಲ, ಕಡಿಮೆ ಮಾಡಬಹುದು. ಘಾಟಿ ಇಳಿಯುವಾಗ ಎರಡನೇ ಗೇರಿನಲ್ಲಿ ಇಳಿಯಿರಿ, ಎಂಜಿನ್ನೇ ಗಾಡಿಯನ್ನು ತಡೆಯುತ್ತದೆ, ಬ್ರೇಕಿಗೆ ತಿರುವಿನಲ್ಲಷ್ಟೇ ಕೆಲಸ. ಪ್ಯಾಡ್ ಬದಲಿಸುವ ಕಾಲ ಬಂದಾಗ ಸೆರಾಮಿಕ್ ಪ್ಯಾಡ್ ನಿಮ್ಮ ಗಾಡಿಗೆ ಸಿಗುತ್ತದಾ ಕೇಳಿ. ಬೆಲೆ ಜಾಸ್ತಿ, ಆದರೆ ಧೂಳು ಕಡಿಮೆ.

ತೊಳೆಯುವ ಮುಂಚೆ ಎಡ ಬಲ ಎರಡೂ ಚಕ್ರ ಹೋಲಿಸಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಎರಡೂ ಒಂದೇ ಸಮ ಕಪ್ಪಾಗಿದ್ದರೆ ಚಿಂತೆ ಇಲ್ಲ. ಒಂದೇ ಕಡೆ ವಿಪರೀತ ಧೂಳು, ಓಡಿಸಿ ಬಂದಾಗ ಆ ಚಕ್ರದ ಹತ್ತಿರ ಕೈ ತಂದರೇ ಬಿಸಿ, ಗಾಡಿ ಅದೇ ಕಡೆಗೆ ಎಳೆಯುತ್ತಿದೆ ಅಂದರೆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಸಿಕ್ಕಿಹಾಕಿಕೊಂಡು ಪ್ಯಾಡ್ ಸದಾ ಉಜ್ಜುತ್ತಿರಬಹುದು. ಕಡ್ಡಿಗಳ ಸಂದಿಯಿಂದ ಟಾರ್ಚ್ ಬಿಟ್ಟು ಪ್ಯಾಡ್ ನೋಡಿ. ಹೊಸದು ಸುಮಾರು 10 ಮಿಲಿಮೀಟರ್ ದಪ್ಪ ಇರುತ್ತದೆ. 3 ಮಿಲಿಮೀಟರ್‌ಗೆ ಇಳಿದಿದ್ದರೆ ತೊಳೆಯುವುದು ಆಮೇಲಾಯಿತು, ಮೊದಲು ಮೆಕ್ಯಾನಿಕ್‌ಗೆ ತೋರಿಸಿ.