ಗುಜರಿ ಸಾಮಾನಿನಿಂದ ಫಿಕ್ಸ್ಡ್ ಗೇರ್ ಸೈಕಲ್: ಹಿಂದಿನ ಹಬ್‌ನಲ್ಲಿ ಮಾತ್ರ ಉಳಿತಾಯ ಬೇಡ

ಬೆಂಗಳೂರಿನಲ್ಲಿ ಫಿಕ್ಸ್ಡ್ ಗೇರ್ ಸೈಕಲ್ (ಚಕ್ರ ತಿರುಗುವಷ್ಟು ಹೊತ್ತು ಪೆಡಲೂ ತಿರುಗುವ ಸೈಕಲ್) ಕಟ್ಟಲು ಹೊರಟ ಹುಡುಗರು ಹೆಚ್ಚಾಗಿ ಮಾಡುವ ಮೊದಲ ಕೆಲಸ ಒಂದೇ. ಹಳೆ ಸೈಕಲ್ಲಿನ ಹಿಂದಿನ ಚಕ್ರವನ್ನು ವೆಲ್ಡಿಂಗ್ ಅಂಗಡಿಗೆ ಒಯ್ಯುತ್ತಾರೆ. ಪೆಡಲ್ ನಿಲ್ಲಿಸಿದರೂ ಚಕ್ರ ಓಡಲು ಬಿಡುವ ಹಿಂದಿನ ಹಲ್ಲುಚಕ್ರಕ್ಕೆ, ಅಂದರೆ ಫ್ರೀವೀಲ್‌ಗೆ, ನಾಲ್ಕು ಕಡೆ ವೆಲ್ಡ್ ಹಾಕಿಸುತ್ತಾರೆ. ಫ್ರೀವೀಲ್ ಜಾಮ್ ಆಯಿತು, ಪೆಡಲ್ ಚಕ್ರದ ಜೊತೆಗೇ ತಿರುಗುತ್ತದೆ, ಅಲ್ಲಿಗೆ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಸ್ವಲ್ಪ ದಿನ ಸೈಕಲ್ ಓಡುತ್ತದೆ ಕೂಡ. ಆಮೇಲೆ ಒಂದು ಇಳಿಜಾರಿನಲ್ಲಿ ವೇಗ ತಗ್ಗಿಸಲು ಪೆಡಲನ್ನು ಹಿಂದಕ್ಕೆ ಒತ್ತುತ್ತಾರೆ. ಫ್ರೀವೀಲ್ ಚಕ್ರದ ನಡುವಿನ ಹಬ್ ಮೇಲಿಂದ ಬಿಚ್ಚಿಕೊಳ್ಳುತ್ತದೆ. ಕಾಲಿನ ಕೆಳಗೆ ಪೆಡಲ್ ಸುಮ್ನೆ ಗಾಳಿಯಲ್ಲಿ ತಿರುಗುತ್ತದೆ. ಚೆಂದ ಕಾಣಲಿ ಎಂದು ಬ್ರೇಕನ್ನು ಮೊದಲೇ ತೆಗೆದಿರುತ್ತಾರೆ.

ಇದನ್ನು ನೋಡಿ ನೋಡಿ ಸಾಕಾಗಿ ಈ ಲೇಖನ ಬರೆಯುತ್ತಿದ್ದೇನೆ. ಹಳೆ ಸಾಮಾನಿನಿಂದ ಒಳ್ಳೆಯ ಫಿಕ್ಸ್ಡ್ ಗೇರ್ ಸೈಕಲ್ ಖಂಡಿತ ಕಟ್ಟಬಹುದು. ಫ್ರೇಮು, ಹ್ಯಾಂಡಲ್, ಸೀಟು, ಸೀಟ್ ಪೋಸ್ಟ್, ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಎಲ್ಲವೂ ಗುಜರಿಯಿಂದ ಬರಲಿ. ಹಿಂದಿನ ಹಬ್, ಅದರ ಹಲ್ಲುಚಕ್ರ, ಅದನ್ನು ಬಿಚ್ಚದಂತೆ ಹಿಡಿಯುವ ಲಾಕ್‌ರಿಂಗ್, ಚೈನು ಮತ್ತು ಮುಂದಿನ ಬ್ರೇಕು ಮಾತ್ರ ಹೊಸದೇ ಇರಬೇಕು. ದುಡ್ಡು ಕಡಿಮೆ ಇದ್ದರೆ ಉಳಿದದ್ದರಲ್ಲಿ ಉಳಿಸಿ.

ಈ ಸೈಕಲ್ಲಿನಲ್ಲಿ ಹಿಂದಿನ ಹಲ್ಲುಚಕ್ರ ನೇರವಾಗಿ ಹಬ್‌ಗೆ ಕೂತಿರುತ್ತದೆ. ಚಕ್ರ ತಿರುಗುವಷ್ಟು ಹೊತ್ತು ಪೆಡಲೂ ತಿರುಗುತ್ತಲೇ ಇರುತ್ತದೆ. ವೆಲೊಡ್ರೋಮ್‌ನಲ್ಲಿ (ಸೈಕಲ್ ರೇಸಿನ ಅಂಕಣ) ಓಡುವ ಟ್ರ್ಯಾಕ್ ಸೈಕಲ್‌ಗಳೆಲ್ಲ ಹೀಗೇ. ಜಪಾನಿನಲ್ಲಿ 1948ರಿಂದ ನಡೆಯುತ್ತಿರುವ ಕೇರಿನ್ ರೇಸಿನಲ್ಲೂ ಇದೇ. ನಮ್ಮ ವಿಜಯಪುರ, ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರು ಟ್ರ್ಯಾಕ್ ರೇಸಿಗೆ ಇಳಿದಾಗ ತುಳಿಯುವುದೂ ಇಂಥದ್ದನ್ನೇ. ಆ ಸೈಕಲ್‌ಗಳಿಗೆ ಬ್ರೇಕ್ ಇರುವುದಿಲ್ಲ, ನಿಜ. ಅಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಾರೆ. ಎದುರಿಗೆ ಆಟೋ ಬರುವುದಿಲ್ಲ, ದಾರಿಯಲ್ಲಿ ಹಂಪ್ ಇಲ್ಲ. ರಸ್ತೆಗೆ ಇಳಿಯುವ ಸೈಕಲ್ಲಿಗೆ ಮುಂದಿನ ಬ್ರೇಕ್ ಇರಲೇಬೇಕು. ಇದರಲ್ಲಿ ಚರ್ಚೆಯೇ ಇಲ್ಲ.

ಫ್ರೇಮು

ಹಿಂದಿನ ಚಕ್ರದ ಆಕ್ಸಲ್ ಕೂರುವ ಸೀಳನ್ನು ಮೊದಲು ನೋಡಿ. ಸೀಳು ಅಡ್ಡಕ್ಕೆ ಇರಬೇಕು. ಚಕ್ರವನ್ನು ಹಿಂದೆ ಮುಂದೆ ಸರಿಸಿ ಚೈನ್ ಬಿಗಿ ಮಾಡಲು ಅದೊಂದೇ ದಾರಿ. ಈಗಿನ ಗೇರ್ ಸೈಕಲ್‌ಗಳಲ್ಲಿ ಸೀಳು ನೆಟ್ಟಗೆ ಕೆಳಕ್ಕೆ ಇರುತ್ತದೆ. ಅದು ಬೇಡ. ಚೈನ್ ಎಳೆದು ಹಿಡಿಯುವ ಸ್ಪ್ರಿಂಗ್ ಟೆನ್ಷನರ್ ಹಾಕಿದರಾಯಿತು ಎಂದು ಅಂಗಡಿಯವರು ಹೇಳಬಹುದು. ಪೆಡಲನ್ನು ಹಿಂದಕ್ಕೆ ಒತ್ತಿದಾಗ ಚೈನಿನ ಕೆಳಭಾಗ ಬಿಗಿಯಾಗಿ ಆ ಟೆನ್ಷನರನ್ನೇ ಬಗ್ಗಿಸಿಬಿಡುತ್ತದೆ.

ಹಳೆ ಹೀರೊ, ಅಟ್ಲಾಸ್, ಹರ್ಕ್ಯುಲಿಸ್ ರೋಡ್‌ಸ್ಟರ್‌ಗಳ (ಗೇರ್ ಇಲ್ಲದ ಮಾಮೂಲಿ ಸೈಕಲ್) ಫ್ರೇಮು ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಸ್ಟೀಲು, ಸೀಳು ಹಿಂದಕ್ಕೆ ತೆರೆದಿರುತ್ತದೆ, ಗುಜರಿಯಲ್ಲಿ ಸಲೀಸಾಗಿ ಸಿಗುತ್ತದೆ. ತೂಕ ಜಾಸ್ತಿ, ಆದರೆ ಗಟ್ಟಿ. ಜಾಯಿಂಟುಗಳ ಹತ್ತಿರ ಬಣ್ಣ ಬಿರುಕು ಬಿಟ್ಟಿದ್ದರೆ ಉಗುರಿನಿಂದ ಕೆರೆದು ನೋಡಿ. ಬಣ್ಣದ ಕೆಳಗೆ ಲೋಹದಲ್ಲೂ ಗೆರೆ ಕಂಡರೆ ಬಿಟ್ಟುಬಿಡಿ. ಇಂಥ ಫ್ರೇಮುಗಳಲ್ಲಿ ಹಿಂದಿನ ಎರಡು ಸೀಳುಗಳ ನಡುವಿನ ಅಂತರ ಸಾಮಾನ್ಯವಾಗಿ 120 ಮಿ.ಮೀ.ಗಿಂತ ಕಡಿಮೆ. ಟ್ರ್ಯಾಕ್ ಹಬ್‌ಗೆ 120 ಬೇಕು. ಕೆಲವು ಮಿ.ಮೀ. ವ್ಯತ್ಯಾಸವಿದ್ದರೆ ಸ್ಟೀಲ್ ಫ್ರೇಮನ್ನು ಕೈಯಿಂದ ಎಳೆದು ಹಿಗ್ಗಿಸಬಹುದು. ಎರಡೂ ಕಡೆ ಸಮ ಹಿಗ್ಗಿದೆಯೇ ಎಂದು ದಾರ ಕಟ್ಟಿ ಅಳೆಯಿರಿ. ಅಲ್ಯೂಮಿನಿಯಂ ಫ್ರೇಮನ್ನು ಮಾತ್ರ ಹೀಗೆ ಮುಟ್ಟಲೇಬೇಡಿ.

ಹಬ್: ಎಲ್ಲ ಎಡವಟ್ಟೂ ಇಲ್ಲೇ

ಇದನ್ನು ನಿಧಾನವಾಗಿ ಓದಿ.

ಮಾಮೂಲಿ ಫ್ರೀವೀಲ್ ಹಬ್ ಮೇಲೆ ಒಂದೇ ಥ್ರೆಡ್ ಇರುತ್ತದೆ. ಅಳತೆ 1.37 ಇಂಚು, ಇಂಚಿಗೆ 24 ಸುತ್ತು, ಬಲಗಡೆಗೆ ತಿರುಗಿಸಿದರೆ ಬಿಗಿ. ಮುಂದಕ್ಕೆ ತುಳಿದಷ್ಟೂ ಹಲ್ಲುಚಕ್ರ ಇನ್ನಷ್ಟು ಬಿಗಿಯಾಗುತ್ತದೆ. ಫ್ರೀವೀಲ್ ಇದ್ದಾಗ ಹಿಂದಕ್ಕೆ ಬಲ ಬೀಳುವುದೇ ಇಲ್ಲ. ಹಾಗಾಗಿ ಒಂದೇ ಥ್ರೆಡ್ ಸಾಕಾಗುತ್ತದೆ. ಫಿಕ್ಸ್ಡ್ ಸೈಕಲ್ಲಿನಲ್ಲಿ ಹಿಂದಕ್ಕೂ ಬಲ ಬೀಳುತ್ತದೆ. ಆ ಬಲ ಹಲ್ಲುಚಕ್ರವನ್ನು ಬಿಚ್ಚುವ ದಿಕ್ಕಿಗೇ ತಿರುಗಿಸುತ್ತದೆ.

ಟ್ರ್ಯಾಕ್ ಹಬ್ ಕೈಗೆ ತೆಗೆದುಕೊಂಡು ನೋಡಿ. ಒಳಗಡೆ ಅದೇ 1.37 ಇಂಚಿನ ಥ್ರೆಡ್ ಇದೆ. ಅದರ ಹೊರಗೆ ಒಂದು ಮೆಟ್ಟಿಲು ಇಳಿದಂತೆ ಇನ್ನೊಂದು ಸಣ್ಣ ಥ್ರೆಡ್ ಇದೆ. ಇದರ ಅಳತೆ 1.29 ಇಂಚು ಮತ್ತು ಇದು ಉಲ್ಟಾ ಥ್ರೆಡ್. ಎಡಕ್ಕೆ ತಿರುಗಿಸಿದರೆ ಬಿಗಿ. ದೊಡ್ಡ ಥ್ರೆಡ್‌ಗೆ ಹಲ್ಲುಚಕ್ರ, ಸಣ್ಣ ಥ್ರೆಡ್‌ಗೆ ಲಾಕ್‌ರಿಂಗ್. ಹಲ್ಲುಚಕ್ರ ಬಿಚ್ಚಿಕೊಳ್ಳಲು ಎಡಕ್ಕೆ ತಿರುಗಿದರೆ ಲಾಕ್‌ರಿಂಗಿಗೆ ಒತ್ತುತ್ತದೆ, ಲಾಕ್‌ರಿಂಗೂ ಎಡಕ್ಕೇ ತಿರುಗಿ ಇನ್ನೂ ಬಿಗಿಯಾಗುತ್ತದೆ. ಇಡೀ ಸೈಕಲ್ಲಿನ ಭದ್ರತೆ ಈ ಎರಡು ಎದುರುಬದುರು ಥ್ರೆಡ್‌ಗಳಲ್ಲಿದೆ.

ಈಗ ಅಡ್ಡದಾರಿಗಳ ವಿಷಯ. ಫ್ರೀವೀಲ್ ಹಬ್ ಮೇಲೆ ಟ್ರ್ಯಾಕ್ ಹಲ್ಲುಚಕ್ರ ಕೂರಿಸಿ, ಬಾಟಮ್ ಬ್ರಾಕೆಟ್‌ನ (ಫ್ರೇಮಿನಲ್ಲಿ ಕ್ರ್ಯಾಂಕಿನ ಆಕ್ಸಲ್ ತಿರುಗುವ ಬೇರಿಂಗ್) ಲಾಕ್‌ರಿಂಗ್ ಹಾಕಿ, ಥ್ರೆಡ್ ಹಿಡಿಯುವ ಅಂಟು ಸುರಿಯುವ ಪದ್ಧತಿ ಒಂದಿದೆ. ಥ್ರೆಡ್ ಅಳತೆ ಒಂದೇ ಆದ್ದರಿಂದ ಕೂರುತ್ತದೆ. ಆದರೆ ಎರಡೂ ಬಲಗಡೆ ಥ್ರೆಡ್. ಹಲ್ಲುಚಕ್ರ ಬಿಚ್ಚಿಕೊಂಡರೆ ಲಾಕ್‌ರಿಂಗನ್ನೂ ಜೊತೆಗೆ ಕರೆದುಕೊಂಡೇ ಹೋಗುತ್ತದೆ. ವೆಲ್ಡ್ ಮಾಡಿದ ಫ್ರೀವೀಲಿನ ಕತೆಯೂ ಇದೇ. ಅದಕ್ಕೆ ಲಾಕ್‌ರಿಂಗ್ ಕೂಡ ಇಲ್ಲ. ವೆಲ್ಡಿಂಗ್ ಶಾಖಕ್ಕೆ ಹಬ್‌ನ ಗ್ರೀಸ್ ಕರಗಿ ಹರಿದುಹೋಗಿರುತ್ತದೆ, ಅದು ಬೇರೆ.

ಟ್ರ್ಯಾಕ್ ಹಬ್ ಸಿಗದಿದ್ದರೆ ನಾನು ಒಪ್ಪುವ ಬದಲಿ ದಾರಿ ಒಂದೇ. ಆರು ಬೋಲ್ಟಿನ ಡಿಸ್ಕ್ ಬ್ರೇಕ್ ಹಬ್ ತೆಗೆದುಕೊಳ್ಳಿ.  ಡಿಸ್ಕ್ ಕೂರುವ ಜಾಗಕ್ಕೆ ಅದೇ ಆರು ಬೋಲ್ಟಿನಿಂದ ಕೂರುವ ಹಲ್ಲುಚಕ್ರ ಹಾಕಿ, ಚಕ್ರವನ್ನು ತಿರುಗಿಸಿ ಕೂರಿಸಿದರೆ ಹಲ್ಲು ಚೈನ್ ಕಡೆಗೆ ಬರುತ್ತದೆ. ಬೋಲ್ಟ್ ಇರುವುದರಿಂದ ಬಿಚ್ಚಿಕೊಳ್ಳುವ ಪ್ರಶ್ನೆಯೇ ಇಲ್ಲ. ಆದರೆ ಹಬ್ ಅಗಲ 135 ಮಿ.ಮೀ. ಇರುತ್ತದೆ. ರೋಡ್‌ಸ್ಟರ್ ಫ್ರೇಮಿಗೆ ಹಿಡಿಸುವುದಿಲ್ಲ. ಅಡ್ಡ ಸೀಳಿನ ಎಂಟಿಬಿ (ಮೌಂಟನ್ ಬೈಕ್) ಫ್ರೇಮು, ಎಂಟಿಬಿ ಕ್ರ್ಯಾಂಕ್ ಇದ್ದರೆ ಮಾತ್ರ ಈ ದಾರಿ.

ಟ್ರ್ಯಾಕ್ ಹಬ್‌ಗೆ ಹಲ್ಲುಚಕ್ರ ಕೂರಿಸುವ ಕ್ರಮ ಹೀಗೆ. ಎರಡೂ ಥ್ರೆಡ್‌ಗಳನ್ನು ಹಳೆ ಟೂತ್‌ಬ್ರಷ್‌ನಿಂದ ಉಜ್ಜಿ, ಬಟ್ಟೆಯಿಂದ ಒರೆಸಿ. ತೆಳ್ಳಗೆ ಗ್ರೀಸ್ ಹಚ್ಚಿ. ಹಲ್ಲುಚಕ್ರವನ್ನು ಬರಿಗೈಯಿಂದಲೇ ಕೊನೆವರೆಗೂ ತಿರುಗಿಸಿ. ಅರ್ಧಕ್ಕೆ ನಿಂತರೆ ಒತ್ತಾಯ ಮಾಡಬೇಡಿ, ಬಿಚ್ಚಿ ಮತ್ತೆ ನೋಡಿ. ಗ್ರೀಸಿನಲ್ಲಿ ಮಿರುಗುವ ಅಲ್ಯೂಮಿನಿಯಂ ಚೂರು ಕಂಡರೆ ಥ್ರೆಡ್ ಸವೆಯುತ್ತಿದೆ ಎಂದರ್ಥ. ಆ ಹಬ್ ಬೇಡ.

ಆಮೇಲೆ ಚೈನ್ ವಿಪ್ ಹಾಕಿ ಬಲಕ್ಕೆ ಎಳೆದು ಬಿಗಿ ಮಾಡಿ. ಚೈನ್ ವಿಪ್ ಕೊಳ್ಳಬೇಕಾಗಿಲ್ಲ. ಒಂದೂವರೆ ಅಡಿ ಕಬ್ಬಿಣದ ಪಟ್ಟಿಯ ತುದಿಗೆ ಎರಡು ತೂತು ಕೊರೆದು ಹಳೆ ಚೈನಿನ ತುಂಡುಗಳನ್ನು ಬೋಲ್ಟ್ ಮಾಡಿದರೆ ಸಾಕು. ಲಾಕ್‌ರಿಂಗಿಗೆ ಮಾತ್ರ ಸರಿಯಾದ ಕೊಕ್ಕೆ ಪಾನಾ ತೆಗೆದುಕೊಳ್ಳಿ. ಸ್ಕ್ರೂಡ್ರೈವರ್ ಇಟ್ಟು ಸುತ್ತಿಗೆಯಿಂದ ಹೊಡೆಯುವವರನ್ನು ಬಹಳ ನೋಡಿದ್ದೇನೆ. ಲಾಕ್‌ರಿಂಗಿನ ಕಚ್ಚು ಕಿತ್ತುಹೋಗುತ್ತದೆ, ಆಮೇಲೆ ಯಾವ ಪಾನಾವೂ ಹಿಡಿಯುವುದಿಲ್ಲ. ಲಾಕ್‌ರಿಂಗನ್ನು ಎಡಕ್ಕೆ ತಿರುಗಿಸಿ ಜೋರಾಗಿ ಬಿಗಿ ಮಾಡಿ.

ಇಲ್ಲಿಗೆ ಮುಗಿಯಲಿಲ್ಲ. ಸೈಕಲ್ ಪೂರ್ತಿ ಆದ ಮೇಲೆ ಒಂದು ಏರು ಹುಡುಕಿ. ಮುಂದಿನ ಬ್ರೇಕ್ ಮೇಲೆ ಕೈ ಇಟ್ಟುಕೊಂಡು, ಎದ್ದು ನಿಂತು ತುಳಿದು ಹತ್ತಿ. ಹಿಂದಕ್ಕೆ ಒತ್ತಬೇಡಿ. ತುಳಿತದ ಬಲದಿಂದ ಹಲ್ಲುಚಕ್ರ ಇನ್ನೂ ಸ್ವಲ್ಪ ಒಳಗೆ ಹೋಗುತ್ತದೆ, ಲಾಕ್‌ರಿಂಗ್ ಸಡಿಲವಾಗುತ್ತದೆ. ಕೆಳಗಿಳಿದು ಮತ್ತೆ ಲಾಕ್‌ರಿಂಗ್ ಬಿಗಿ ಮಾಡಿ. ಅದು ಇನ್ನು ಒಂಚೂರೂ ತಿರುಗುವುದಿಲ್ಲ ಎನ್ನುವವರೆಗೂ ಹೀಗೇ ಮಾಡಿ. ಈ ಏರು ಹತ್ತುವ ಕೆಲಸವನ್ನು ಹತ್ತರಲ್ಲಿ ಒಂಬತ್ತು ಜನ ಬಿಟ್ಟುಬಿಡುತ್ತಾರೆ.

ರಿಮ್ಮು, ಕಡ್ಡಿ

ಹಳೆ ರೋಡ್‌ಸ್ಟರ್ ರಿಮ್‌ಗಳಲ್ಲಿ ಮುಂದಕ್ಕೆ 32 ತೂತು, ಹಿಂದಕ್ಕೆ 40. ಟ್ರ್ಯಾಕ್ ಹಬ್‌ಗಳು ಸಾಮಾನ್ಯವಾಗಿ 32 ಅಥವಾ 36. ಲೆಕ್ಕ ನೋಡಿಯೇ ಹಬ್ ತನ್ನಿ. ನನ್ನ ಮಾತು ಕೇಳುವುದಾದರೆ ಎರಡೂ ಚಕ್ರಕ್ಕೆ 700ಸಿ ಡಬಲ್ ವಾಲ್ ಅಲ್ಯೂಮಿನಿಯಂ ರಿಮ್ ಹಾಕಿ. ಕ್ರೋಮ್ ಸ್ಟೀಲ್ ರಿಮ್ ಮೇಲೆ ಮಳೆಯಲ್ಲಿ ಬ್ರೇಕ್ ಹಿಡಿಯುವುದೇ ಇಲ್ಲ. ಕಡ್ಡಿ ಕಟ್ಟುವುದನ್ನು ಅನುಭವಿ ಮೆಕ್ಯಾನಿಕ್‌ಗೆ ಕೊಡಿ.

ಎಷ್ಟು ಹಲ್ಲು?

ಬೆಂಗಳೂರಿನಂಥ ಏರಿಳಿತದ ಊರಿಗೆ ಮುಂದೆ 44, ಹಿಂದೆ 17 ನನ್ನ ಆಯ್ಕೆ. 700ಸಿ ಚಕ್ರದಲ್ಲಿ ಪೆಡಲ್ ಒಂದು ಸುತ್ತಿಗೆ ಸುಮಾರು 5.4 ಮೀಟರ್ ಹೋಗುತ್ತದೆ. ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 29 ಕಿ.ಮೀ. ವೇಗ. ಅದೇ ಗೇರಿನಲ್ಲಿ ನಂದಿ ಬೆಟ್ಟ ಇಳಿಯುವಾಗ ವೇಗ 50 ಮುಟ್ಟಿದರೆ ನಿಮಿಷಕ್ಕೆ 150ಕ್ಕೂ ಜಾಸ್ತಿ ಸುತ್ತು ಕಾಲು ತಿರುಗಬೇಕು. ಅಂಥ ಇಳಿಜಾರಿಗೆ ಈ ಸೈಕಲ್ ಒಯ್ಯಬೇಡಿ.

17ಕ್ಕೆ ಇನ್ನೊಂದು ಕಾರಣವಿದೆ. ಪೆಡಲ್ ತಡೆದು ಹಿಂದಿನ ಚಕ್ರ ಜಾರಿಸಿ ನಿಲ್ಲಿಸುವವರು ಪ್ರತಿ ಸಲ ಕಾಲನ್ನು ಒಂದೇ ಸ್ಥಿತಿಯಲ್ಲಿ ತಡೆಯುತ್ತಾರೆ. ಮುಂದೆ 48, ಹಿಂದೆ 16 ಇದ್ದರೆ ಪೆಡಲ್ ಒಂದು ಸುತ್ತಿಗೆ ಚಕ್ರ ಸರಿಯಾಗಿ ಮೂರು ಸುತ್ತು. ಟೈರಿನ ಒಂದೇ ಜಾಗ ಪ್ರತಿ ಸಲ ರಸ್ತೆಗೆ ಉಜ್ಜುತ್ತದೆ, ಅಲ್ಲೇ ಹರಿಯುತ್ತದೆ. 44 ಮತ್ತು 17ಕ್ಕೆ ಸಮಾನ ಅಪವರ್ತನ ಇಲ್ಲ. ಸವೆತ 17 ಜಾಗಕ್ಕೆ ಹಂಚಿಹೋಗುತ್ತದೆ.

ಕ್ರ್ಯಾಂಕ್ ಮತ್ತು ಚೈನ್ ಸಾಲು

ಕಾಟರ್ ಪಿನ್ ಕ್ರ್ಯಾಂಕ್ ಬಿಟ್ಟುಬಿಡಿ. ಮುಂದಕ್ಕೂ ಹಿಂದಕ್ಕೂ ಬಲ ಬಿದ್ದು ಪಿನ್ ಬೇಗ ಸಡಿಲವಾಗುತ್ತದೆ. ಚೌಕ ಆಕ್ಸಲ್ಲಿನ ಕ್ರ್ಯಾಂಕ್ ಹುಡುಕಿ. ಉದ್ದ 165 ಮಿ.ಮೀ. ಇರಲಿ. ರೋಡ್‌ಸ್ಟರ್ ಫ್ರೇಮಿಗೆ 700ಸಿ ಚಕ್ರ ಹಾಕಿದಾಗ ಫ್ರೇಮು ಸ್ವಲ್ಪ ಕೆಳಗಿಳಿಯುತ್ತದೆ, ತಿರುವಿನಲ್ಲೂ ಪೆಡಲ್ ತಿರುಗುತ್ತಲೇ ಇರುತ್ತದೆ. ಉದ್ದ ಕ್ರ್ಯಾಂಕ್ ಆದರೆ ನೆಲಕ್ಕೆ ಬಡಿಯುತ್ತದೆ. ಬಾಟಮ್ ಬ್ರಾಕೆಟ್ ಕೊಳ್ಳುವಾಗ ಫ್ರೇಮನ್ನೇ ಅಂಗಡಿಗೆ ಒಯ್ಯಿರಿ. ಕೈಯಿಂದಲೇ ಮೂರು ನಾಲ್ಕು ಸುತ್ತು ಸಲೀಸಾಗಿ ಹೋಗಬೇಕು.

ಮುಂದಿನ ಮತ್ತು ಹಿಂದಿನ ಹಲ್ಲುಗಳು ಒಂದೇ ನೇರದಲ್ಲಿ ಇರಬೇಕು. ಕಣ್ಣಳತೆ ನಂಬಬೇಡಿ. ಹಿಂದೆ: ಹಬ್ ಅಗಲದ ಅರ್ಧ 60 ಮಿ.ಮೀ., ಅದರಲ್ಲಿ ಲಾಕ್‌ನಟ್‌ನ (ಫ್ರೇಮಿಗೆ ತಾಗುವ ಆಕ್ಸಲ್ ನಟ್) ಹೊರಮುಖದಿಂದ ಹಲ್ಲಿನ ನಡುವಿನವರೆಗಿನ ದೂರ ಕಳೆಯಿರಿ. ಅದು 18 ಇದ್ದರೆ ಉತ್ತರ 42. ಮುಂದೆ: ಸೀಟ್ ಟ್ಯೂಬಿನ ಮೇಲ್ಮೈಯಿಂದ ಹಲ್ಲಿನ ನಡುವಿಗೆ ಅಳೆದು, ಟ್ಯೂಬಿನ ದಪ್ಪದ ಅರ್ಧ ಸೇರಿಸಿ. ಎರಡರ ವ್ಯತ್ಯಾಸ ಒಂದು ಮಿ.ಮೀ. ಒಳಗಿದ್ದರೆ ಚೆನ್ನ. ಜಾಸ್ತಿ ಇದ್ದರೆ ಬಾಟಮ್ ಬ್ರಾಕೆಟ್‌ನ ಆಕ್ಸಲ್ ಉದ್ದ ಬದಲಿಸಿ. ಉದ್ದ 6 ಮಿ.ಮೀ. ಕಡಿಮೆಯಾದರೆ ಹಲ್ಲು 3 ಮಿ.ಮೀ. ಒಳಗೆ ಬರುತ್ತದೆ. ಸಾಲು ತಪ್ಪಿದರೆ ಚೈನ್ ಕಳಚಿ ಹಿಂದಿನ ಚಕ್ರವನ್ನೇ ಜಾಮ್ ಮಾಡಬಹುದು.

ಚೈನು

ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು, 1/8 ಇಂಚು ಅಗಲದ್ದು. ಗೇರ್ ಸೈಕಲ್ಲಿನ ಸಣ್ಣ ಚೈನ್ ದಪ್ಪ ಹಲ್ಲಿಗೆ ಕೂರುವುದಿಲ್ಲ. ಸ್ಪ್ರಿಂಗ್ ಕ್ಲಿಪ್ ಇದ್ದರೆ ಅದರ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಲಿ.

ಚಕ್ರವನ್ನು ಹಿಂದಕ್ಕೆ ಎಳೆದು ನಟ್ ಬಿಗಿ ಮಾಡಿ ನಿಧಾನವಾಗಿ ಕ್ರ್ಯಾಂಕ್ ತಿರುಗಿಸಿ. ಒಂದು ಕಡೆ ಚೈನ್ ಬಿಗಿ, ಇನ್ನೊಂದು ಕಡೆ ಸಡಿಲ ಅನ್ನಿಸುತ್ತದೆ. ಮುಂದಿನ ಚೈನ್‌ವೀಲ್ ಸರಿಯಾಗಿ ನಡುವಿಗೆ ಕೂತಿಲ್ಲ ಎಂದರ್ಥ. ಚೈನ್‌ವೀಲ್ ಬೋಲ್ಟುಗಳನ್ನು ಚೂರೇ ಸಡಿಲಿಸಿ. ಅತಿ ಬಿಗಿ ಇರುವ ಜಾಗದಲ್ಲಿ ಚೈನಿನ ಮೇಲೆ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ. ಬೋಲ್ಟ್ ಬಿಗಿ ಮಾಡಿ ಮತ್ತೆ ತಿರುಗಿಸಿ ನೋಡಿ. ಕೊನೆಗೆ ಅತಿ ಬಿಗಿ ಜಾಗದಲ್ಲೂ ಚೈನ್ ಮೇಲೆ ಕೆಳಗೆ ಸೇರಿ ಒಂದು ಸೆಂ.ಮೀ.ನಷ್ಟು ಆಡಬೇಕು.

ಈ ಕೆಲಸದಲ್ಲಿ ಬೆರಳು ಚೈನಿನ ಹತ್ತಿರ ಹೋಗಲೇಬಾರದು. ಚಕ್ರ ತಿರುಗುತ್ತಿರುವಾಗ ಬಟ್ಟೆ ಹಿಡಿದು ಚೈನ್ ಒರೆಸುವುದಂತೂ ಬೇಡವೇ ಬೇಡ. ಬೇರೆ ಸೈಕಲ್ಲಿನಲ್ಲಿ ಪೆಡಲ್ ನಿಲ್ಲುತ್ತದೆ. ಇಲ್ಲಿ ಚಕ್ರದ ಭಾರ ಬೆರಳನ್ನು ಹಲ್ಲಿನೊಳಗೆ ಎಳೆದುಕೊಂಡು ತುದಿ ಕತ್ತರಿಸಿಬಿಡುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಸ್ಟ್ಯಾಂಡ್ ಮೇಲೆ ತಿರುಗಿಸಿ ಆಡಲು ಬಿಡಬೇಡಿ.

ಉಳಿದದ್ದು

ಹ್ಯಾಂಡಲ್, ಸೀಟು, ಟೈರು ನಿಮ್ಮ ಇಷ್ಟ. ಮುಂದಿನ ಬ್ರೇಕ್ ಕೊಳ್ಳುವಾಗ ತೋಳಿನ ಉದ್ದ ಅಳೆಯಿರಿ. ಹಳೆ 28 ಇಂಚಿನ ರಿಮ್ಮಿನ ವ್ಯಾಸ 635 ಮಿ.ಮೀ., 700ಸಿ ರಿಮ್ಮಿನದು 622. ಬ್ರೇಕ್ ಕಟ್ಟೆ ಆರೂವರೆ ಮಿ.ಮೀ. ಇನ್ನೂ ಕೆಳಗೆ ಮುಟ್ಟಬೇಕು. ಪೆಡಲ್‌ಗೆ ಟೋ ಕ್ಲಿಪ್ (ಪಾದದ ತುದಿ ಹಿಡಿಯುವ ಚೌಕಟ್ಟು) ಮತ್ತು ಪಟ್ಟಿ ಹಾಕಿ. ಕಾಲು ಪೆಡಲಿನಿಂದ ಜಾರಿದರೆ ತಿರುಗುತ್ತಿರುವ ಪೆಡಲನ್ನು ಮತ್ತೆ ಹಿಡಿಯುವುದು ಕಷ್ಟ. ಶೂ ಲೇಸ್ ಒಳಗೆ ಸೇರಿಸಿ, ಬಲಗಾಲಿನ ಪ್ಯಾಂಟ್ ಮಡಚಿ.

ಮೊದಲು ಖಾಲಿ ಮೈದಾನದಲ್ಲಿ ಓಡಿಸಿ. ಕಾಲು ನಿಲ್ಲಿಸುವ ಹಳೆ ರೂಢಿ ತಪ್ಪಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಒಂದು ವಾರ ಓಡಿಸಿದ ಮೇಲೆ ಲಾಕ್‌ರಿಂಗ್, ಚೈನ್‌ವೀಲ್ ಬೋಲ್ಟು, ಆಕ್ಸಲ್ ನಟ್ ಮೂರನ್ನೂ ಪಾನಾ ಹಾಕಿ ನೋಡಿ. ಚೈನನ್ನು ತಿಂಗಳಿಗೊಮ್ಮೆ ಸ್ಕೇಲಿನಿಂದ ಅಳೆಯಿರಿ. ಹೊಸ ಚೈನಿನಲ್ಲಿ ಒಂದು ಪಿನ್ನನ್ನು ಬಿಟ್ಟು ಮುಂದಿನದರಿಂದ ಎಣಿಸಿದರೆ, ಆ ಪಿನ್ನಿನಿಂದ 24ನೇ ಪಿನ್ನಿಗೆ ಸರಿಯಾಗಿ 12 ಇಂಚು. ಅದು 12 1/8 ಇಂಚು ಆದ ದಿನ ಚೈನ್ ಬದಲಿಸಿ.