ಕಪ್ಪು ಎಲೆಯ ಆಸೆಗೆ ಬೀಜ ಹಾಕಿದೆ, ಬಂದದ್ದು ಹಸಿರು

ಹೋದ ವರ್ಷ ಮೈಸೂರಿನ ನಮ್ಮ ಮನೆ ತಾರಸಿಯಲ್ಲಿ ‘ಬ್ಲ್ಯಾಕ್ ಪರ್ಲ್’ ಮೆಣಸಿನಕಾಯಿ ಬೀಜ ಹಾಕಿದ್ದೆ. ಅಮೆರಿಕದ ಕೃಷಿ ಇಲಾಖೆಯವರು ಅಂದಕ್ಕೆಂದೇ ಬೆಳೆಸಿದ ತಳಿ ಇದು. ಎಲೆಯೂ ಕಪ್ಪು, ಕಾಯಿಯೂ ಕಪ್ಪು. ಸಸಿ ಬಾಡಬಾರದು ಅಂತ ಶೇಡ್ ನೆಟ್ ಕೆಳಗೆ ಇಟ್ಟೆ. ತಿಂಗಳು ಕಳೆದರೂ ಎಲೆ ಹಸಿರೇ! ನರಗಳ ಹತ್ತಿರ ಮಾತ್ರ ಒಂಚೂರು ನೇರಳೆ. ಬೀಜ ಮಾರಿದವನನ್ನು ಚೆನ್ನಾಗಿ ಬೈದುಕೊಂಡೆ.

ಜಾಗ ಸಾಲದೆ ಒಂದು ಕುಂಡವನ್ನು ನೀರಿನ ಟ್ಯಾಂಕಿನ ಪಕ್ಕ, ಬಿಸಿಲಿಗೆ ಎಳೆದಿಟ್ಟಿದ್ದೆ. ಎರಡು ವಾರದಲ್ಲಿ ಅದರ ಹೊಸ ಚಿಗುರು ನೇರಳೆಯಾಯಿತು, ಆಮೇಲೆ ಕಡುಗಪ್ಪು. ಬೈದದ್ದು ಸುಮ್ನೆ ದಂಡ.

ಆಮೇಲೆ ಓದಿದಾಗ ವಿಷಯ ಗೊತ್ತಾಯಿತು. ಈ ಎಲೆಯಲ್ಲಿ ಕಪ್ಪು ಬಣ್ಣ ಅಂತ ಬೇರೆ ಏನೂ ಇಲ್ಲ. ಇರುವುದು ಎರಡು: ಎಲ್ಲ ಎಲೆಯಲ್ಲೂ ಇರುವ ಪತ್ರಹರಿತ್ತು, ಜೊತೆಗೆ ಆಂಥೋಸಯಾನಿನ್ ಅನ್ನುವ ನೇರಳೆ ಬಣ್ಣ. ಪತ್ರಹರಿತ್ತು ಬೆಳಕಿನ ಕೆಂಪು, ನೀಲಿಯನ್ನು ಹೀರುತ್ತದೆ. ಅದು ಬಿಟ್ಟ ಹಸಿರನ್ನು ಆಂಥೋಸಯಾನಿನ್ ನುಂಗುತ್ತದೆ. ಕಣ್ಣಿಗೆ ವಾಪಸ್ ಬರಲು ಬೆಳಕೇ ಉಳಿಯುವುದಿಲ್ಲ ಅಲ್ವಾ, ಅದಕ್ಕೇ ಕಪ್ಪು. ಜೋರು ಬಿಸಿಲಿದ್ದರೆ ಗಿಡ ಆಂಥೋಸಯಾನಿನ್ ಜಾಸ್ತಿ ಮಾಡಿಕೊಳ್ಳುತ್ತದೆ. ನೆರಳಲ್ಲಿ ಅದರ ಗೋಜಿಗೇ ಹೋಗುವುದಿಲ್ಲ.

ನಂಬಿಕೆ ಬರಲಿ ಅಂತ ನಾಲ್ಕು ಕಪ್ಪು ಎಲೆಗಳನ್ನು ಕುದಿಯುವ ನೀರಿಗೆ ಹಾಕಿದೆ. ಆಂಥೋಸಯಾನಿನ್ ನೀರಲ್ಲಿ ಕರಗುತ್ತದೆ, ಪತ್ರಹರಿತ್ತು ಕರಗುವುದಿಲ್ಲ. ಐದು ನಿಮಿಷಕ್ಕೆ ನೀರು ನೇರಳೆ, ಚಮಚದಲ್ಲಿ ಎತ್ತಿದ ಎಲೆ ಮಾಮೂಲಿ ಹಸಿರು! ನೀರಿಗೆ ನಿಂಬೆರಸ ಹಿಂಡಿದೆ, ಗುಲಾಬಿಗೆ ತಿರುಗಿತು. ಪಕ್ಕದಲ್ಲಿ ನಿಂತಿದ್ದ ಅಮ್ಮನಿಗೆ ಏನೂ ಆಶ್ಚರ್ಯವಾಗಲಿಲ್ಲ. “ಚಪ್ಪರದವರೆನೂ ಹಂಗೇ ಕಣೋ. ನೇರಳೆ ಕಾಯಿ ಬೇಯಿಸಿದ್ರೆ ಹಸಿರಾಗುತ್ತೆ,” ಅಂದರು. ಇಷ್ಟು ವರ್ಷ ಆ ಪಲ್ಯ ತಿಂದೂ ನಾನು ಗಮನಿಸಿರಲಿಲ್ಲ.

ಕೊನೆಗೆ ಒಂದು ಎಳೆ ಕಾಯಿಗೆ, ಗೋಲಿಗಿಂತ ಚಿಕ್ಕದು, ಅಲ್ಯೂಮಿನಿಯಂ ಹಾಳೆಯ ತೆಳ್ಳನೆ ಪಟ್ಟಿ ಸುತ್ತಿದೆ. ಹತ್ತು ದಿನ ಬಿಟ್ಟು ಬಿಚ್ಚಿದರೆ, ಮಿರಿಮಿರಿ ಕಪ್ಪಿನ ನಡುವೆ ಹಸಿರು ಗೆರೆ. ಹಣ್ಣಾಗುವಾಗ ಎರಡೂ ಬಣ್ಣ ಕರಗಿಹೋಗಿ ಹೊಸದಾಗಿ ಕೆಂಪು ಹುಟ್ಟಿಕೊಳ್ಳುತ್ತದೆ. ಈಗ ಗಿಡದ ತುಂಬ ಕೆಂಪು ಹಣ್ಣು. ಪಟ್ಟಿ ಸುತ್ತಿದ್ದು ಯಾವುದಕ್ಕೆ ಅಂತ ನನಗೇ ಗುರುತು ಸಿಗುತ್ತಿಲ್ಲ.