ಗಂಟಲು ನೋವು: ವೈರಸ್ಸೋ, ಬ್ಯಾಕ್ಟೀರಿಯಾವೋ, ಎರಡೂ ಸೇರಿಯೋ?

ಗಂಟಲು ಕೆರೆದ ಕೂಡಲೇ ಮೆಡಿಕಲ್ ಶಾಪಿಗೆ ಹೋಗಿ ಆಂಟಿಬಯೋಟಿಕ್ ಕೇಳುವವರು ನಮ್ಮಲ್ಲಿ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಬಹುಪಾಲು ಗಂಟಲು ನೋವು ವೈರಸ್‌ನಿಂದ ಬರುವಂಥದ್ದು, ಅದಕ್ಕೆ ಆಂಟಿಬಯೋಟಿಕ್ ಏನೂ ಮಾಡುವುದಿಲ್ಲ. ಆದರೆ ಕೆಲವೊಮ್ಮೆ ಬ್ಯಾಕ್ಟೀರಿಯಾನೂ ಜೊತೆಗೆ ಸೇರಿಕೊಂಡಿರುತ್ತದೆ. ಆಗ ಲೆಕ್ಕ ಬೇರೆ.

ಮೊದಲು ಗಂಟಲು ನೋಡಿ. ಮೊಬೈಲ್ ಟಾರ್ಚ್ ಹಾಕಿ, ‘ಆ’ ಅನ್ನಿಸಿ, ಚಮಚದ ಹಿಡಿಯಿಂದ ನಾಲಿಗೆಯನ್ನು ಮೆಲ್ಲಗೆ ಒತ್ತಿ. (ಜೊಲ್ಲು ಸುರಿಸುತ್ತಾ ಉಸಿರಿಗೆ ಒದ್ದಾಡುವ ಮಗುವಿನ ಬಾಯಿಗೆ ಮಾತ್ರ ಚಮಚ ಹಾಕಲೇಬೇಡಿ, ನೇರ ಆಸ್ಪತ್ರೆಗೆ ಕರೆದೊಯ್ಯಿರಿ.) ಟಾನ್ಸಿಲ್ ಊದಿ ಬಿಳಿ ಕೀವು ಕಾಣುತ್ತಿದೆಯಾ? ದವಡೆಯ ಕೆಳಗೆ ಒತ್ತಿದರೆ ನೋಯುವ ಗಂಟು ಸಿಗುತ್ತದಾ? ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದೆಯಾ? ಕೆಮ್ಮು ಇಲ್ವಾ? ಡಾಕ್ಟರು ಲೆಕ್ಕ ಹಾಕುವುದೂ ಮುಖ್ಯವಾಗಿ ಈ ನಾಲ್ಕನ್ನೇ. ಮೂರು, ನಾಲ್ಕು ಹೊಂದಿಕೆಯಾದರೆ, ಅದರಲ್ಲೂ ಶಾಲೆಗೆ ಹೋಗುವ ಮಕ್ಕಳಲ್ಲಿ, ಸ್ಟ್ರೆಪ್ಟೋಕಾಕಸ್ (ಚಿಕ್ಕದಾಗಿ ಸ್ಟ್ರೆಪ್) ಬ್ಯಾಕ್ಟೀರಿಯಾದ ಅನುಮಾನ ಪಡಬೇಕು. ಮೂಗು ಸೋರುತ್ತಿದ್ದು, ಕೆಮ್ಮಿದ್ದು, ದನಿ ಕಟ್ಟಿದ್ದರೆ ಸಾಮಾನ್ಯವಾಗಿ ವೈರಸ್ಸೇ.

ಎರಡೂ ಇರುವುದು ಹೇಗೆ ಗೊತ್ತಾಗುತ್ತದೆ? ನೆಗಡಿ ಇಳಿಯುತ್ತಾ ಬಂದು, ಮತ್ತೆ ಜ್ವರ ಏರಿ ಗಂಟಲು ಮೊದಲಿಗಿಂತ ಜಾಸ್ತಿ ನೋಯತೊಡಗಿದರೆ ಡಾಕ್ಟರಿಗೆ ತೋರಿಸಿ. ಇನ್ನೊಂದು ತೊಡಕಿದೆ. ಕೆಲವು ಮಕ್ಕಳ ಗಂಟಲಲ್ಲಿ ಸ್ಟ್ರೆಪ್ ಸುಮ್ನೆ ಇರುತ್ತದೆ, ಏನೂ ತೊಂದರೆ ಕೊಡುವುದಿಲ್ಲ. ಅಂಥ ಮಗುವಿಗೆ ವೈರಸ್‌ನ ನೆಗಡಿ ಬಂದಾಗ ಸ್ವಾಬ್ (ಹತ್ತಿಕಡ್ಡಿಯಿಂದ ಗಂಟಲಿನ ಮಾದರಿ) ತೆಗೆದರೆ ಪಾಸಿಟಿವ್ ಬರುತ್ತದೆ, ಕಾಯಿಲೆ ಮಾತ್ರ ವೈರಸ್‌ದು. ಆದ್ದರಿಂದ ರಿಪೋರ್ಟ್ ಒಂದನ್ನೇ ನೋಡಿ ತೀರ್ಮಾನಿಸಬೇಡಿ. ಹದಿಹರೆಯದವರಲ್ಲಿ ಎಪ್‌ಸ್ಟೈನ್-ಬಾರ್ ವೈರಸ್ಸೂ ಟಾನ್ಸಿಲ್ ಮೇಲೆ ಬಿಳಿ ಪದರ ತರಿಸುತ್ತದೆ. ಅದಕ್ಕೆ ಅಮಾಕ್ಸಿಸಿಲಿನ್ ಎಂಬ ಆಂಟಿಬಯೋಟಿಕ್ ಕೊಟ್ಟರೆ ಎಷ್ಟೋ ಜನರಿಗೆ ಮೈಯೆಲ್ಲಾ ಕೆಂಪು ದದ್ದು ಏಳುತ್ತದೆ. ವಿಪರೀತ ಸುಸ್ತು, ಕುತ್ತಿಗೆಯ ಹಿಂಬದಿಯಲ್ಲೂ ಗಂಟು ಇದ್ದರೆ ಡಾಕ್ಟರಿಗೆ ಮರೆಯದೆ ಹೇಳಿ.

ಸ್ಟ್ರೆಪ್ ಎಂದು ಖಚಿತವಾದರೆ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಸಾಮಾನ್ಯವಾಗಿ 10 ದಿನ. ಮೂರನೇ ದಿನಕ್ಕೆ ನೋವು ಹೋಯಿತೆಂದು ನಿಲ್ಲಿಸುವಂತಿಲ್ಲ. ಸರಿಯಾಗಿ ಚಿಕಿತ್ಸೆಯಾಗದ ಸ್ಟ್ರೆಪ್‌ನಿಂದ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟಗಳೇ ಹಾಳಾಗಬಹುದು, ನಮ್ಮ ದೇಶದಲ್ಲಿ ಈ ಕಾಯಿಲೆ ಇನ್ನೂ ಇದೆ. ಹಾಗಂತ ಗಾಬರಿ ಬೇಡ. ನೋವು ಶುರುವಾದ 9 ದಿನದೊಳಗೆ ಔಷಧಿ ಆರಂಭಿಸಿದರೂ ಅದನ್ನು ತಡೆಯಬಹುದು, ಹಾಗಾಗಿ ಸ್ವಾಬ್ ರಿಪೋರ್ಟಿಗೆ ಒಂದೆರಡು ದಿನ ಕಾಯಲು ಸಮಯವಿದೆ. ವೈರಸ್ಸೂ ಜೊತೆಗಿದ್ದರೆ ಮಾತ್ರೆ ನುಂಗುತ್ತಿದ್ದರೂ ಮೂಗು, ಕೆಮ್ಮು ಕೆಲವು ದಿನ ಇರುತ್ತವೆ. ಔಷಧಿ ಹಿಡಿಯಲಿಲ್ಲ ಎಂದು ಬೇರೆ ಮಾತ್ರೆಗೆ ಹಾರಬೇಡಿ.

ಮನೆಯಲ್ಲಿ ಒಂದು ಲೋಟ ಬಿಸಿನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ, ಉಗುರು ಬೆಚ್ಚಗಾದ ಮೇಲೆ ಗಂಟಲಿಗೆ ತಾಗುವಂತೆ ಮುಕ್ಕಳಿಸಿ. ನೋವಿಗೆ ಪ್ಯಾರಾಸಿಟಮಾಲ್, ಮಕ್ಕಳಿಗೆ ತೂಕ ನೋಡಿ. ಮಕ್ಕಳಿಗೆ ಆಸ್ಪಿರಿನ್ ಬೇಡ, ವರ್ಷ ತುಂಬದ ಕೂಸಿಗೆ ಜೇನೂ ಬೇಡ.

ಬಾಯಿ ತೆರೆಯಲಾಗದಿದ್ದರೆ, ಎಂಜಲೂ ನುಂಗಲಾಗದಿದ್ದರೆ, ಒಂದೇ ಪಕ್ಕ ವಿಪರೀತ ಊದಿದ್ದರೆ, ಗಂಟಲಲ್ಲಿ ಬೂದು ಬಣ್ಣದ ಪೊರೆ ಕಂಡರೆ ಅವತ್ತೇ ಆಸ್ಪತ್ರೆಗೆ ಹೋಗಿ.